ನಮ್ಮ ಭಾವನಿಗೆ ಹೆಚ್ ಕಮ್ಮಿಯಾದ ಪ್ರಸಂಗ

ನನ್ನ ಅಕ್ಕನ ಗಂಡ ಡಾಕ್ಟರು. ಹಾಗೆಂದು ಯಾರಾದರೂ ನಾಲಿಗೆ ಚಾಚಿಕೊಂಡು ಅವರ ಮುಂದೆ ನಿಂತೀರಿ, ಜೋಕೆ. ಅವರು ರೋಗಿಯ ಕೈ ಹಿಡಿದು ಇಪ್ಪತ್ತೆರಡು ವರ್ಷವಾಯಿತು. ಅವರು ಸಂಶೋಧನೆ ಮಾಡುವ ಡಾಕ್ಟರು. ದೊಡ್ಡದೊಂದು ವೈದ್ಯಕೀಯ ಸಂಸ್ಥೆಯ ಮೂರನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಕೋಣೆಯಲ್ಲಿ ಕೂತು, ಮನುಷ್ಯನ ಕಿವಿಯ ಗುಗ್ಗೆಯ ಬಗ್ಗೆ ಸಂಶೋಧನೆ ಮಾಡುತ್ತಾರೆ. ಗುಗ್ಗೆಯನ್ನು ನಾವು ನೀವು ಬೆರಳು ಹಾಕಿ ತೆಗೆದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕುರ್ಚಿಯ ಅಡಿಗೆ ಒರೆಸುತ್ತೇವೆ. ಭಾವ ಅದನ್ನು ಗಾಜಿನ ಪಟ್ಟಿಯ ಮೇಲಿಟ್ಟು, ನಂಬರ್ ಬರೆದು, ಅದರ ಬಗ್ಗೆ ಹತ್ತು ಪುಟದ ಲೇಖನ ಬರೆಯುತ್ತಾರೆ. ವ್ಯತ್ಯಾಸ ಇಷ್ಟೇ.

ಅವರ ಪಕ್ಕದ ಕೋಣೆಯಲ್ಲಿ ಇರುವವರು ಮೂಗಿನ ಪ್ರೊಫೆಸರು. ಅವರೇ ವಿಭಾಗದ ಮುಖ್ಯಸ್ಥರು. ನನ್ನದು ಕನ್ನಡಕದ ಅಂಗಡಿ. ಕಿವಿ ಭಾವನಿಗೆ, ಮೂಗು ಅವರಿಗೆ, ಕಣ್ಣು ನನಗೆ, ಹೀಗೆ ಒಂದೇ ತಲೆಯನ್ನು ಮೂವರು ಪಾಲು ಮಾಡಿಕೊಂಡು ಹೊಟ್ಟೆ ಹೊರೆಯುತ್ತಿದ್ದೇವೆ.

ಭಾವನ ಲೇಖನಗಳನ್ನು ಯಾರು ಓದುತ್ತಾರೆ ಎಂದು ಕೇಳಬೇಡಿ. ಓದುವುದು ಅಲ್ಲಿ ಮುಖ್ಯವೇ ಅಲ್ಲ. ಬೇರೆ ಸಂಶೋಧಕರು ತಮ್ಮ ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ಕೊಡುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮ ಲೇಖನದ ಹೆಸರು ಬರಬೇಕು. ಬಂದರೆ ಅದು ಒಂದು ಉಲ್ಲೇಖ. ನಿಮ್ಮ ಹತ್ತು ಲೇಖನಗಳಿಗೆ ತಲಾ ಹತ್ತು ಉಲ್ಲೇಖ ಸಿಕ್ಕರೆ ನಿಮ್ಮ ಹೆಚ್ ಇಂಡೆಕ್ಸ್ ಹತ್ತು. ಹತ್ತರಲ್ಲಿ ಒಂದಕ್ಕೆ ಒಂಬತ್ತೇ ಸಿಕ್ಕರೆ ನಿಮ್ಮ ಹೆಚ್ ಇಂಡೆಕ್ಸ್ ಒಂಬತ್ತು. ನಮ್ಮ ಮನೆಯಲ್ಲಿ ಇಂಡೆಕ್ಸ್ ಎನ್ನುವಷ್ಟು ಪುರುಸೊತ್ತು ಯಾರಿಗೂ ಇಲ್ಲ, ಬರೀ ಹೆಚ್ ಎನ್ನುತ್ತೇವೆ. ನಾವೇ ನಮ್ಮ ಹೆಸರೆತ್ತಿಕೊಂಡರೆ ಲೆಕ್ಕಕ್ಕಿಲ್ಲ, ಪರರೇ ಎತ್ತಬೇಕು. ವಿಜ್ಞಾನಿಯೊಬ್ಬ ದೊಡ್ಡವನೋ ಸಣ್ಣವನೋ ಎಂಬುದನ್ನು ಹೀಗೆ ಅಳೆಯುತ್ತಾರಂತೆ. ಕನ್ನಡಕದ ನಂಬರನ್ನು ಹೀಗೆ ಅಳೆದರೆ ಗಿರಾಕಿ ನನ್ನ ಕಪಾಳಕ್ಕೆ ಬಾರಿಸುತ್ತಾನೆ.

ಭಾವನಿಗೆ ಬದುಕಿನಲ್ಲಿ ಒಂದೇ ಆಸೆ ಇತ್ತು. ಅವರು ಸಹ ಪ್ರಾಧ್ಯಾಪಕರು. ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಅಷ್ಟರೊಳಗೆ ಆ ‘ಸಹ’ ಹೋಗಿ ಪೂರ್ತಿ ಪ್ರೊಫೆಸರ್ ಆಗಬೇಕು. “ಇಪ್ಪತ್ತೆರಡು ವರ್ಷದಿಂದ ಈ ಸಹವನ್ನ ಸಹಿಸ್ಕೊಂಡಿದ್ದೀನಿ” ಎಂದು ನೆಂಟರ ಮುಂದೆ ಹೇಳುತ್ತಿದ್ದರು, ಮತ್ತು ನಾವು ನಗಲೆಂದು ಕಾಯುತ್ತಿದ್ದರು. ಪ್ರೊಫೆಸರ್ ಆಗಲು ಹೆಚ್ ಹತ್ತು ಇರಬೇಕು. ಬಡ್ತಿ ಸಮಿತಿ ಮೂರು ವರ್ಷಕ್ಕೊಮ್ಮೆ ಸೇರುತ್ತದೆ, ಈ ಸಲ ಸೇರುವುದು ಶುಕ್ರವಾರ ಬೆಳಿಗ್ಗೆ. ಭಾವನ ಹೆಚ್ ಹೋದ ತಿಂಗಳಷ್ಟೇ ಹತ್ತಾಗಿತ್ತು. ಅಂದಿನಿಂದ ಅವರು ಹಲ್ಲುಜ್ಜುವ ಮೊದಲು ಒಮ್ಮೆ, ಉಜ್ಜಿದ ಮೇಲೆ ಒಮ್ಮೆ ಕಂಪ್ಯೂಟರ್ ತೆರೆದು ಹತ್ತು ಹತ್ತಾಗಿಯೇ ಇದೆಯೇ ಎಂದು ನೋಡುತ್ತಿದ್ದರು. ಅಕ್ಕ ಏನು ಹೇಳಿದರೂ ಸ್ಕ್ರೀನಿನಿಂದ ಕಣ್ಣು ತೆಗೆಯದೆ “ಹೂಂ” ಎನ್ನುತ್ತಿದ್ದರು. ಒಮ್ಮೆ ಅಕ್ಕ ಅಡುಗೆಮನೆಯಲ್ಲಿ ಗ್ಯಾಸ್ ಸೋರ್ತಿದೆ ಅಂದಾಗಲೂ “ಹೂಂ, ಒಳ್ಳೇದು” ಅಂದಿದ್ದರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಅವರ ಮನೆಯಿಂದ ಒಂದು ಕೂಗು ಕೇಳಿತು. ನಾನು ಮೇಲಿನ ಮನೆಯಲ್ಲಿರುವವನು, ಓಡಿ ಇಳಿದೆ. ಭಾವ ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಅವರ ಹೆಚ್ ಒಂಬತ್ತಾಗಿತ್ತು.

ಆದದ್ದೇನೆಂದರೆ, ‘ಎಡಗಿವಿಯ ಗುಗ್ಗೆ ಮತ್ತು ಬಲಗಿವಿಯ ಗುಗ್ಗೆ’ ಎಂಬ ಅವರ ಹತ್ತನೆಯ ಲೇಖನವನ್ನು ಹೆಸರಿಸಿದ್ದ ಹತ್ತು ಮಂದಿಯಲ್ಲಿ ಒಬ್ಬನ ಲೇಖನವನ್ನು ಪತ್ರಿಕೆಯವರು ರದ್ದು ಮಾಡಿದ್ದರು. ಆ ಪುಣ್ಯಾತ್ಮ ನೂರು ರೋಗಿಗಳ ಇನ್ನೂರ ಹದಿನಾಲ್ಕು ಕಿವಿಗಳನ್ನು ಪರೀಕ್ಷಿಸಿರುವುದಾಗಿ ಬರೆದಿದ್ದ. ಐದು ವರ್ಷ ಯಾವ ವಿಜ್ಞಾನಿಗೂ ಅನುಮಾನ ಬಂದಿರಲಿಲ್ಲ. ಈಗ ಯಾರೋ ಕೂತು ಲೆಕ್ಕ ಹಾಕಿದ್ದರು. ಲೇಖನ ಹೋಯಿತು, ಅದರ ಜೊತೆ ಭಾವನ ಉಲ್ಲೇಖವೂ ಹೋಯಿತು.

ನಾನು ಭಾವನನ್ನು ಎಬ್ಬಿಸಲು ನೋಡುತ್ತಿದ್ದಾಗ ದೊಡ್ಡಮ್ಮನ ಫೋನ್ ಬಂತು. ಅಕ್ಕ ಎತ್ತಿಕೊಂಡಳು. ಅವಳಿಗೆ ಗಂಡನ ಮೇಲೆ ಸಿಟ್ಟೂ ಇತ್ತು, ಮರುಕವೂ ಇತ್ತು. ಎರಡೂ ಸೇರಿದಾಗ ಅವಳ ಗಂಟಲು ಅಳುವವರ ಹಾಗೆ ಆಗುತ್ತದೆ. ದೊಡ್ಡಮ್ಮನ ಕಡೆಯ ಮಾತನ್ನು ಆಮೇಲೆ ದೊಡ್ಡಮ್ಮನೇ ನಮಗೆ ಹೇಳಿದ್ದು.

“ಏನೇ ಮಗಳೇ, ದನಿ ಒಂಥರಾ ಇದೆ?”

“ಏನ್ ಹೇಳ್ಲಿ ದೊಡ್ಡಮ್ಮ, ಇವ್ರಿಗೆ ಹೆಚ್ ಕಮ್ಮಿ ಆಗೋಯ್ತು.”

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಹಿರಿಯರು ಯಾರನ್ನೂ ಸತ್ತರು ಎನ್ನುವುದಿಲ್ಲ. ‘ಏನೋ ಹೆಚ್ಚುಕಮ್ಮಿ ಆಯಿತಂತೆ’ ಎನ್ನುತ್ತಾರೆ. ಕೇಳಿದವರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ. ಹೆಚ್ ಕಮ್ಮಿಗೂ ಹೆಚ್ಚುಕಮ್ಮಿಗೂ ಇರುವ ಅಂತರ ಒಂದು ಉಕಾರದ್ದು. ಆ ಉಕಾರವನ್ನು ದೊಡ್ಡಮ್ಮ ತಾನೇ ಸೇರಿಸಿಕೊಂಡಳು.

“ಅಯ್ಯಯ್ಯೋ! ಯಾವಾಗ?”

“ಬೆಳಿಗ್ಗೆ ಏಳಕ್ಕೆ. ಕಂಪ್ಯೂಟರ್ ಮುಂದೇನೇ. ಒಂದು ಸಲ ಜೋರಾಗಿ ಕೂಗಿದ್ರು, ಅಷ್ಟೇ.”

“ಏನೂ ಮಾಡೋಕಾಗ್ಲಿಲ್ವಾ?”

“ಏನ್ ಮಾಡೋದು, ಎಲ್ಲಾ ಮುಗಿದ್ಮೇಲೆ? ಚಾಪೆ ಮೇಲೆ ಮಲಗಿದ್ದಾರೆ. ತಮ್ಮ ಪಕ್ಕದಲ್ಲಿ ಕೂತಿದ್ದಾನೆ. ನೀವು ಯಾರಿಗೂ ಹೇಳ್ಬೇಡಿ ದೊಡ್ಡಮ್ಮ, ಇವ್ರಿಗೆ ಇಷ್ಟ ಆಗಲ್ಲ.”

ಪಾಪದ ಹುಡುಗಿ, ಇನ್ನೂ ಗಂಡ ಇದ್ದಾನೆ ಅಂತಲೇ ಮಾತಾಡ್ತಿದೆ ಎಂದುಕೊಂಡು ದೊಡ್ಡಮ್ಮ ಫೋನಿಟ್ಟಳು. ಯಾರಿಗೂ ಹೇಳಬೇಡ ಎಂದಿದ್ದರಿಂದ ಹದಿನೇಳು ಜನಕ್ಕೆ ಮಾತ್ರ ಹೇಳಿದಳು.

ಮಧ್ಯಾಹ್ನ ಹನ್ನೆರಡಕ್ಕೆ ಎರಡು ಆಟೋ ಬಂದು ನಿಂತವು. ಕಾಲಿಂಗ್ ಬೆಲ್ಲಿಗೆ ಬಾಗಿಲು ತೆರೆದವರು ಸ್ವತಃ ಭಾವ. ದೊಡ್ಡಮ್ಮನ ಕಣ್ಣು ಹತ್ತು ವರ್ಷದಿಂದ ಮಂಜು, ನನ್ನ ಅಂಗಡಿಗೆ ಬಾ ಎಂದರೆ ಬರುವುದಿಲ್ಲ. ಬಾಗಿಲಲ್ಲಿ ಯಾರೋ ಗಂಡಸು ನಿಂತಿದ್ದಾನೆ ಎನ್ನುವಷ್ಟು ಕಂಡಿತು. ಅವರ ಹೆಗಲಿಗೆ ಒರಗಿ ಅಳಲು ಶುರು ಮಾಡಿದಳು.

“ಎಂಥಾ ಮನುಷ್ಯ ಕಣಪ್ಪಾ! ಒಂದು ದಿನ ಯಾರ ಮನಸ್ಸೂ ನೋಯಿಸ್ದೋರಲ್ಲ. ಯಾರ ಜೊತೇನೂ ಮಾತೇ ಆಡ್ತಿರಲಿಲ್ಲ!”

ಭಾವನ ಕಣ್ಣು ತುಂಬಿ ಬಂತು. ತನ್ನ ಹೆಚ್ಚಿಗಾಗಿ ಇಷ್ಟು ಜನ ಆಟೋ ಮಾಡಿಕೊಂಡು ಬರುತ್ತಾರೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

“ಏನ್ ಮಾಡೋದು, ನಿನ್ನೆ ತನಕ ಹತ್ತು ಇತ್ತು” ಎಂದರು, ಮೂಗು ಎಳೆದುಕೊಳ್ಳುತ್ತ.

“ಎಲ್ಲಪ್ಪಾ ಮಲಗಿಸಿದ್ದೀರಿ?”

“ಯಾರನ್ನ?”

ದೊಡ್ಡಮ್ಮ ತಲೆ ಎತ್ತಿದಳು. ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ಅವರ ಮುಖ ನೋಡಿದಳು. ಆಮೇಲೆ ಕಿಟಾರನೆ ಕಿರುಚಿ, ಹಿಂದಿದ್ದ ಅಳಿಯನ ಮೇಲೆ ಬಿದ್ದಳು.

“ನೀವು ಹೋಗಿಲ್ವಾ?”

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ! ಮೇಲಕ್ಕೆ!”

ವಿಷಯ ಬಿಡಿಸಿ ಹೇಳಲು ನನಗೂ ಅಕ್ಕನಿಗೂ ಅರ್ಧ ಗಂಟೆ ಬೇಕಾಯಿತು. ಹೇಳಿದ ಮೇಲೆ ನೆಂಟರ ಮುಖದಲ್ಲಿ ಸಂತೋಷ ಉಕ್ಕಿ ಹರಿಯಿತು ಎಂದು ಬರೆಯಲು ನನಗೂ ಇಷ್ಟ. ಆದರೆ ಹಾಗಾಗಲಿಲ್ಲ. ಒಬ್ಬರು ಗಡಿಯಾರ ನೋಡಿಕೊಂಡರು. ಒಬ್ಬರು, “ಹಾಗಿದ್ರೆ ಫೋನ್‌ನಲ್ಲಿ ಸರಿಯಾಗಿ ಹೇಳ್ಬಾರ್ದಾ?” ಎಂದು ಅಕ್ಕನನ್ನೇ ಗದರಿಸಿದರು. ದೊಡ್ಡಮ್ಮನ ಅಳಿಯನ ಮುಖವಂತೂ ಪೂರ್ತಿ ಕಪ್ಪಿಟ್ಟಿತು. ಅವನು ಭಾವನ ಸಂಸ್ಥೆಯಲ್ಲೇ, ನೆಲಮಹಡಿಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡುವವನು.

“ನಾನು ಶುಕ್ರವಾರದ ತನಕ ರಜೆ ಹಾಕಿದ್ದೀನಿ” ಎಂದ, ದನಿ ತಗ್ಗಿಸಿ. “ಕಾರಣ ಅಂತ ಇದನ್ನೇ ಬರ್ದಿದ್ದೀನಿ. ಷಡ್ಡಕರ ನಿಧನ ಅಂತ.”

“ಯಾರಿಗೆ ಕೊಟ್ಟೆ ಅರ್ಜೀನ?”

“ಕೊಡೋದೇನು, ಮಂಜೂರೂ ಆಗಿದೆ.”

ಅವನು ಹೇಳಿ ಬಾಯಿ ಮುಚ್ಚುವ ಮೊದಲೇ ಮತ್ತೆ ಬೆಲ್ ಆಯಿತು. ಹೂವಿನ ಅಂಗಡಿಯವನು ಎತ್ತಿನ ಗಾಡಿಯ ಚಕ್ರದಷ್ಟು ದೊಡ್ಡ ಹೂಚಕ್ರ ಹಿಡಿದು ನಿಂತಿದ್ದ. ‘ಮೂಗು ಮತ್ತು ಕಿವಿ ವಿಭಾಗದ ಕಣ್ಣೀರು’ ಎಂದು ಅದರ ಪಟ್ಟಿಯ ಮೇಲೆ ಬರೆದಿತ್ತು. ತಲುಪಿದ್ದಕ್ಕೆ ಸಹಿ ಬೇಕು ಎಂದ. ಭಾವ ಅಭ್ಯಾಸಬಲದಿಂದ ಸಹಿ ಹಾಕಿ, ಪಕ್ಕದಲ್ಲಿ ‘ಸಹ ಪ್ರಾಧ್ಯಾಪಕ’ ಎಂದೂ ಬರೆದು ಪಡೆದುಕೊಂಡರು.

ಮರುದಿನ ಹತ್ತು ಗಂಟೆಗೆ ಸಂಸ್ಥೆಯಲ್ಲಿ ಸಂತಾಪ ಸಭೆ ಇದೆ ಎಂದು ತಿಳಿಯಿತು. ಅಲ್ಲಿಗೇ ಹೋಗಿ ಎಲ್ಲರ ಮುಂದೆ ನಿಂತು ತಾನು ಬದುಕಿರುವುದಾಗಿ ಹೇಳಿಬಿಡುವುದು ಎಂದು ಭಾವ ತೀರ್ಮಾನಿಸಿದರು. ನಾನೂ ಜೊತೆಗೆ ಹೊರಟೆ. ದಾರಿಯಲ್ಲಿ ಯಾರಾದರೂ ನೋಡಿ ಹೆದರಿ ಬಿದ್ದಾರೆಂದು ಅಂಗಡಿಯಿಂದ ಒಂದು ಕಪ್ಪು ಕನ್ನಡಕ ಕೊಟ್ಟೆ.

ಸಭಾಂಗಣ ತುಂಬಿತ್ತು. ಹಾಜರಿ ಹಾಕಿದವರಿಗೆ ಮಧ್ಯಾಹ್ನದ ಮೇಲೆ ರಜೆ ಎಂದು ಬಾಗಿಲಲ್ಲೇ ಚೀಟಿ ಅಂಟಿಸಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಅಚ್ಚಾದ ಹಾಳೆ, ಅದರಲ್ಲಿ ಭಾವನ ಚಿತ್ರ. ಚಿತ್ರದ ಕೆಳಗೆ ‘ಗುಗ್ಗೆಯ ಕ್ಷೇತ್ರಕ್ಕೆ ಸಾಧಾರಣ ಕೊಡುಗೆ ನೀಡಿದವರು’ ಎಂದಿತ್ತು.

“ಅಸಾಧಾರಣ ಅಂತ ಇರ್ಬೇಕು ಅದು” ಎಂದು ಭಾವ ನನ್ನ ಕಿವಿಯಲ್ಲಿ ಬುಸುಗುಟ್ಟಿದರು. “ಅಕಾರ ಬಿಟ್ಟುಹೋಗಿದೆ. ಯಾರು ಪ್ರೂಫ್ ನೋಡಿದ್ದು?”

“ಭಾವ, ನೀವು ಬದುಕಿರೋದನ್ನ ಮೊದ್ಲು ಹೇಳಿ. ಅಕಾರ ಆಮೇಲೆ ನೋಡೋಣ.”

ಹಿಂದಿನ ಸಾಲಿನಲ್ಲಿ ಎರಡು ಕುರ್ಚಿ ಖಾಲಿ ಇದ್ದವು. ಪಕ್ಕದಲ್ಲಿ ಗಡ್ಡ ಬಿಟ್ಟ ಒಬ್ಬ ಕೂತಿದ್ದ. ಭಾವನನ್ನು ನೋಡಿ ಸ್ವಲ್ಪ ಸರಿದು ಜಾಗ ಕೊಟ್ಟ.

“ನಿಮ್ಗೂ ಅವ್ರು ಪರಿಚಯಾನಾ ಸಾರ್?” ಎಂದು ಕೇಳಿದ.

“ಸ್ವಲ್ಪ” ಎಂದರು ಭಾವ.

“ನಾನು ಎಂಟು ವರ್ಷದಿಂದ ಅವ್ರ ಹತ್ರಾನೇ ಪಿಎಚ್.ಡಿ. ಮಾಡ್ತಿದ್ದೀನಿ. ಸ್ಕ್ರೀನ್ ಕಡೆ ತಿರುಗಿ ಕೂತಿರ್ತಿದ್ರು. ಮುಖ ಅಷ್ಟಾಗಿ ನೋಡಿಲ್ಲ. ಬೆನ್ನು ಮಾತ್ರ ಎಲ್ಲಿದ್ರೂ ಗುರುತು ಹಿಡೀತೀನಿ.”

ಭಾವ ಮೆಲ್ಲಗೆ ಬೆನ್ನನ್ನು ಕುರ್ಚಿಗೆ ಒತ್ತಿಕೊಂಡು ಕೂತರು.

ಎರಡು ನಿಮಿಷದ ಮೌನ ಯಾರದೋ ಮೊಬೈಲ್ ಹಾಡಿದ್ದರಿಂದ ನಲವತ್ತು ಸೆಕೆಂಡಿಗೆ ಮುಗಿಯಿತು. ಮೂಗಿನ ಪ್ರೊಫೆಸರು ಮಾತಿಗೆ ನಿಂತರು. ಅವರ ಹೆಚ್ ಮೂವತ್ತೊಂದು. ಅಷ್ಟಿದ್ದವರು ಮೈಕನ್ನು ಹೇಗೆ ಹಿಡಿಯುತ್ತಾರೋ ಹಾಗೆ ಹಿಡಿದರು.

“ಕಿವಿ ಮತ್ತು ಮೂಗು ಎರಡೂ ಗಂಟಲಲ್ಲಿ ಸೇರುವ ಹಾಗೆ ನಾವಿಬ್ಬರೂ ಈ ವಿಭಾಗದಲ್ಲಿ ಸೇರಿದ್ದೆವು” ಎಂದು ಶುರು ಮಾಡಿದರು. “ಬದುಕಿದ್ದಾಗ ನಾನು ಅವರ ಒಂದು ಲೇಖನವನ್ನೂ ಉಲ್ಲೇಖಿಸಲಿಲ್ಲ. ಆ ಕೊರಗು ನನ್ನನ್ನು ತಿನ್ನುತ್ತಿದೆ.”

ಭಾವ ಕನ್ನಡಕ ತೆಗೆದರು. ಏಳಲು ಕೈಯನ್ನು ಮುಂದಿನ ಕುರ್ಚಿಯ ಮೇಲಿಟ್ಟರು.

“ಆದ್ದರಿಂದ, ಬರುವ ಗುರುವಾರ ಪ್ರಕಟವಾಗಲಿರುವ ನನ್ನ ಲೇಖನದ ಕೊನೆಯಲ್ಲಿ, ನೂರಾ ಎಂಬತ್ತೇಳನೆಯ ಉಲ್ಲೇಖವಾಗಿ, ಅವರ ‘ಎಡಗಿವಿಯ ಗುಗ್ಗೆ ಮತ್ತು ಬಲಗಿವಿಯ ಗುಗ್ಗೆ’ಯನ್ನು ಇಂದು ಬೆಳಿಗ್ಗೆ ಸೇರಿಸಿದ್ದೇನೆ. ಸತ್ತವರ ಮೇಲೆ ನನಗೆ ದ್ವೇಷವಿಲ್ಲ.”

ಅರ್ಧ ಎದ್ದಿದ್ದ ಭಾವ ಹಾಗೇ ಕೂತುಬಿಟ್ಟರು.

“ಯಾಕೆ ಭಾವ?”

“ಶ್!” ಎಂದರು. ಕಪ್ಪು ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಕೇಳಿಸ್ತಾ? ಅದೇ ಲೇಖನ! ಗುರುವಾರ ಅದು ಬಂದ್ರೆ ಹೆಚ್ ಹತ್ತು. ಶುಕ್ರವಾರ ಸಮಿತಿ. ಈಗ ನಾನೆದ್ದು ನಿಂತ್ರೆ ಆ ಮನುಷ್ಯ ಅದನ್ನ ಸಂಜೆಯೊಳಗೆ ಅಳಿಸಿಬಿಡ್ತಾನೆ.”

“ಹಾಗಾದ್ರೆ?”

“ಮೂರು ದಿನ ತಾನೆ” ಎಂದರು ಭಾವ. “ಸತ್ತಿರ್ತೀನಿ.”

ಒಬ್ಬ ಮನುಷ್ಯ ತನ್ನ ಸಂತಾಪ ಸಭೆಯಿಂದ ಅಷ್ಟು ಉತ್ಸಾಹದಲ್ಲಿ ಮನೆಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಬರುತ್ತಲೇ ಸುದ್ದಿ ಹೇಳಿದರು. ದೊಡ್ಡಮ್ಮನ ಅಳಿಯ ಎದ್ದು ಅವರ ಕೈ ಕುಲುಕಿದ. ಅವನ ರಜೆ ಉಳಿದಿತ್ತು. ಬಂದ ನೆಂಟರು ಹೇಗೂ ಬಟ್ಟೆಬರೆ ತಂದಿದ್ದರು, ಉಳಿದುಕೊಂಡರು. ಅಕ್ಕ ಮಾತ್ರ ಅಡುಗೆಮನೆಗೆ ಹೋದಳು. ಹನ್ನೊಂದು ಜನಕ್ಕೆ ಅನ್ನಕ್ಕಿಟ್ಟಳು.

ಬುಧವಾರ ಎದುರುಮನೆಯ ಟೈಲರ್ ಸಂತಾಪ ಹೇಳಲು ಬಂದ. ಬೆಲ್ ಮಾಡದೆ ಒಳಗೇ ಬಂದುಬಿಟ್ಟಿದ್ದರಿಂದ ಭಾವನಿಗೆ ಅಡಗಲು ಹೊತ್ತು ಸಿಗಲಿಲ್ಲ. ಅವನು ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದ.

“ಇವ್ರು...?”

“ಭಾವನ ತಮ್ಮ” ಎಂದೆ ನಾನು. “ಊರಿಂದ ಬಂದಿದ್ದಾರೆ.”

“ಥೇಟ್ ಅಣ್ಣನ ಥರಾನೇ!” ಎಂದ ಟೈಲರ್. ಆಮೇಲೆ ಅಳತೆಯ ಕಣ್ಣಿನಿಂದ ಇನ್ನೊಮ್ಮೆ ನೋಡಿ, “ಆದ್ರೆ ಡಾಕ್ಟ್ರ ಭುಜ ಇನ್ನೂ ಸ್ವಲ್ಪ ಅಗಲ. ನಡೆಯೂ ಗಂಭೀರ. ಏನೇ ಹೇಳಿ, ಅವ್ರ ಕಳೆ ಇವ್ರಿಗಿಲ್ಲ” ಎಂದ. ಭಾವನಿಗೆ ಹಿಗ್ಗಬೇಕೋ ಕುಗ್ಗಬೇಕೋ ತಿಳಿಯಲಿಲ್ಲ.

ಉಳಿದ ಹೊತ್ತೆಲ್ಲ ಅವರು ಕಂಪ್ಯೂಟರಿನ ಮುಂದೆ ಕೂತು ತಮಗೆ ಬಂದ ಸಂತಾಪಗಳನ್ನು ಓದಿದರು. ಮೂವತ್ತಾರು ಬಂದಿದ್ದವು. ಅದರಲ್ಲಿ ಅಕ್ಷರದೋಷ ಇದ್ದವನ್ನು ಒಂದು ಪಟ್ಟಿ ಮಾಡಿದರು. ಸಂತಾಪ ಹೇಳದವರದ್ದು ಇನ್ನೊಂದು ಪಟ್ಟಿ.

“ರೀ” ಎಂದಳು ಅಕ್ಕ, ಚಹಾ ತಂದಿಟ್ಟು. “ನೀವು ನಿಜವಾಗ್ಲೂ ಹೋಗಿದ್ರೆ ನನ್ಗೆ ಹೇಗಾಗಿರೋದು ಅಂತ ಒಂದ್ಸಲಾನಾದ್ರೂ ಅನ್ನಿಸ್ತಾ?”

“ಹೂಂ, ಹೂಂ” ಎಂದರು ಭಾವ. “ಮೂವತ್ತೇಳನೇದು ಬಂತು ನೋಡು.”

ಅಕ್ಕ ಚಹಾವನ್ನು ತೆಗೆದುಕೊಂಡು ಒಳಗೆ ಹೋದಳು. ಅದನ್ನು ಅವಳೇ ಕುಡಿದಳು ಎಂದು ಕಾಣುತ್ತದೆ. ನನಗೆ ಅಂದು ಭಾವನ ಮೇಲೆ ನಿಜವಾಗಿ ಕೋಪ ಬಂತು. ಹೇಳಲು ಧೈರ್ಯ ಬರಲಿಲ್ಲ.

ಗುರುವಾರ ಮಧ್ಯಾಹ್ನ ಎರಡೂವರೆಗೆ ಹೆಚ್ ಹತ್ತಾಯಿತು. “ಬಂತು! ಬಂತು!” ಎಂದು ಭಾವ ಕುಣಿದರು. ನೆಂಟರು ಏನು ಬಂತೆಂದು ತಿಳಿಯದೆ ತಾವೂ ಕೂಗಿದರು. ಎದುರುಮನೆಯ ಕಿಟಕಿಯಲ್ಲಿ ಟೈಲರನ ಮುಖ ಕಂಡಿತು, ಕೂಡಲೇ ಮರೆಯಾಯಿತು. ಗಂಡ ಸತ್ತು ನಾಲ್ಕು ದಿನವಾಗಿಲ್ಲ, ಆ ಮನೆಯಲ್ಲಿ ಏನು ಕುಣಿತ ಎಂದು ಅವನು ಇಡೀ ಬೀದಿಗೆ ಹೇಳಿಕೊಂಡು ಬಂದನಂತೆ.

ಶುಕ್ರವಾರ ಭಾವ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡರು. ಸಂಸ್ಥೆಯಿಂದ ಅಕ್ಕನಿಗೂ ಒಂದು ಕರೆ ಬಂದಿತ್ತು, ಒಂದು ಕಾಗದಕ್ಕೆ ಸಹಿ ಬೇಕು, ಹನ್ನೊಂದಕ್ಕೆ ಬನ್ನಿ ಎಂದು. ಹಾಗಾಗಿ ಮೂವರೂ ಹೋದೆವು. ಗೇಟಿನ ಕಾವಲುಗಾರ ಭಾವನನ್ನು ಕಂಡು ಎಂದಿನಂತೆ ಸೆಲ್ಯೂಟ್ ಹೊಡೆದ, ಆಮೇಲೆ ನೆನಪಾಗಿ ಕುರ್ಚಿಯ ಮೇಲೆ ಕುಸಿದ.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ತುದಿಯಲ್ಲಿ ಮೂಗಿನ ಪ್ರೊಫೆಸರು, ಪಕ್ಕದಲ್ಲಿ ಫೈಲುಗಳ ಹಿಂದೆ ಕಚೇರಿಯ ಸೂಪರಿಂಟೆಂಡೆಂಟ್. ಭಾವ ಒಳಗೆ ಹೋಗಿ, “ನಮಸ್ಕಾರ, ನಾನು ಬದುಕಿದ್ದೀನಿ. ನನ್ನ ಹೆಚ್ ಹತ್ತು” ಎಂದರು.

ಮೂಗಿನ ಪ್ರೊಫೆಸರ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಈ ಸಲ ಮೊಬೈಲೂ ಹಾಡಲಿಲ್ಲ. ಸೂಪರಿಂಟೆಂಡೆಂಟ್ ಮಾತ್ರ ವಿಚಲಿತರಾಗಲಿಲ್ಲ. ಅವರು ಕಚೇರಿಯಲ್ಲಿ ಮೂವತ್ತು ವರ್ಷ ಕಳೆದವರು.

“ಕೂತ್ಕೊಳ್ಳಿ ಸಾರ್” ಎಂದರು. “ತಾವು ಇರೋದು ಸಂತೋಷ. ಆದ್ರೆ ತಮ್ಮ ಅರ್ಜೀನ ಮಂಗಳವಾರವೇ ವಜಾ ಮಾಡಿಬಿಟ್ಟಿದ್ದೀವಿ. ಸತ್ತವರ ಅರ್ಜಿ ತಗೊಳ್ಳೋಕೆ ನಿಯಮದಲ್ಲಿ ಅವಕಾಶ ಇಲ್ಲ.”

“ನಾನು ಸತ್ತಿಲ್ಲ!”

“ಇವತ್ತು ಸತ್ತಿಲ್ಲ. ಮಂಗಳವಾರ ಸತ್ತಿದ್ರಿ. ಹೊಸ ಅರ್ಜಿ ಹಾಕಿ, ಮೂರು ವರ್ಷ ಬಿಟ್ಟು ಸಮಿತಿ ಮತ್ತೆ ಸೇರುತ್ತೆ.”

“ನಾಲ್ಕು ತಿಂಗಳಿಗೆ ನನ್ನ ನಿವೃತ್ತಿ!”

ಮೂಗಿನ ಪ್ರೊಫೆಸರಿಗೆ ಅಷ್ಟರಲ್ಲಿ ಮಾತು ಮರಳಿತ್ತು. “ಅಲ್ಲಾರೀ, ನೀವು ಬದುಕಿರೋದೇ ಆದ್ರೆ ನಾನು ಆ ನೂರಾ ಎಂಬತ್ತೇಳನ್ನ ತೆಗೀಬೇಕಾಗುತ್ತೆ. ಅದು ಶ್ರದ್ಧಾಂಜಲಿ ಅಂತ ಹಾಕಿದ್ದು. ವಿಜ್ಞಾನ ಅಂತ ಅಲ್ಲ.”

ಭಾವ ಬೆವರತೊಡಗಿದರು. ನನಗೆ ಆ ಹೊತ್ತಿಗೆ ಅವರ ಮೇಲಿದ್ದ ಕೋಪ ಹೋಗಿ ಅಯ್ಯೋ ಅನ್ನಿಸಿತು. ಇಪ್ಪತ್ತೆರಡು ವರ್ಷ ಗುಗ್ಗೆ ಅಗೆದ ಮನುಷ್ಯ, ಪಾಪ.

ಸೂಪರಿಂಟೆಂಡೆಂಟ್ ಇನ್ನೊಂದು ಫೈಲು ಎಳೆದುಕೊಂಡರು. “ಒಂದು ದಾರಿ ಇದೆ. ಸಮಿತಿ ಹತ್ತೂವರೆಗೆ ತಮಗೆ ಮರಣೋತ್ತರ ಪ್ರೊಫೆಸರ್ ಪದವಿ ಮಂಜೂರು ಮಾಡಿದೆ. ಹೆಚ್ ಹತ್ತು ಇದೆ, ಪರಿಶೀಲನೆ ಆಗಿದೆ. ಪೂರ್ತಿ ಪ್ರೊಫೆಸರ್, ಸಹ ಗಿಹ ಏನೂ ಇಲ್ಲ. ಗೋಡೆ ಮೇಲಿನ ಪಟ್ಟಿಯಲ್ಲಿ ಹೆಸರು ಬರುತ್ತೆ. ಮೃತರ ಪತ್ನಿ ಒಪ್ಪಿಗೆ ಸಹಿ ಹಾಕ್ಬೇಕು, ಅದೊಂದೇ ಬಾಕಿ.”

“ಹಾಕಿದ್ರೆ ನಾನು?”

“ತಾವು ದಾಖಲೆ ಪ್ರಕಾರ ಇರಲ್ಲ. ಈ ಸಂಸ್ಥೆ ಮಟ್ಟಿಗೆ ಮಾತ್ರ. ಹೊರಗಡೆ ತಾವು ಹೇಗೆ ಬೇಕಾದ್ರೂ ಇರ್ಬಹುದು, ನಮ್ದೇನೂ ಅಡ್ಡಿ ಇಲ್ಲ.”

ಭಾವ ಅಕ್ಕನ ಕಡೆ ತಿರುಗಿದರು. ಅವರು ಅವಳ ಮುಖವನ್ನು ನೇರವಾಗಿ ನೋಡಿದ್ದನ್ನು ಕಂಡು ನನಗೇ ಹೊಸತೆನಿಸಿತು.

“ಒಂದು ಸಹಿ ಹಾಕ್ಬಿಡು ಕಣೆ” ಎಂದರು. “ಪ್ರೊಫೆಸರ್ ಆಗ್ಬಿಡ್ತೀನಿ.”

ಅಕ್ಕ ಕಾಗದ ತೆಗೆದುಕೊಂಡಳು. ಎರಡು ಪುಟ ಇತ್ತು. ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು. ಭಾವನಿಗೆ ಸಂಬಂಧಪಟ್ಟ ಒಂದು ಬರಹವನ್ನು ಯಾರಾದರೂ ಪೂರ್ತಿ ಓದಿದ್ದು ಬಹುಶಃ ಅದೇ ಮೊದಲು.

“ಇದಕ್ಕೆ ಸಹಿ ಹಾಕಿದ್ರೆ ಇವ್ರು ಸೋಮವಾರದಿಂದ ಆಫೀಸಿಗೆ ಬರೋ ಹಾಗಿಲ್ವಾ?” ಎಂದು ಸೂಪರಿಂಟೆಂಡೆಂಟರನ್ನು ಕೇಳಿದಳು.

“ಇಲ್ಲಮ್ಮ. ಮೃತರು ಬರೋ ಹಾಗಿಲ್ಲ.”

“ಮನೇಲಿ ಕೂತು ಆ ಕಂಪ್ಯೂಟರ್‌ನಲ್ಲಿ ನೋಡ್ತಿರ್ತಾರಲ್ಲ, ಅದು?”

“ಅದು ಸಂಸ್ಥೆ ಪಾಸ್‌ವರ್ಡ್ ಅಮ್ಮ. ಸಹಿ ಆದ ಕೂಡ್ಲೇ ರದ್ದು ಮಾಡ್ತೀವಿ.”

“ಅಂದ್ರೆ ಹೆಚ್ ಎಷ್ಟಾಯ್ತು ಅಂತ ನೋಡೋಕೇ ಆಗಲ್ಲ?”

“ಆಗಲ್ಲ ಅಮ್ಮ. ಜನ್ಮದಲ್ಲಿ ಆಗಲ್ಲ.”

“ಎಲ್ಲಿ ಹಾಕ್ಬೇಕು ಸಹಿ?” ಎಂದಳು ಅಕ್ಕ.

“ಲೇ, ಲೇ, ತಡಿ, ಪಾಸ್‌ವರ್ಡ್ ಬಗ್ಗೆ ಏನೋ ಹೇಳಿದ್ರಲ್ಲ” ಎಂದು ಭಾವ ಕೈ ಚಾಚುವಷ್ಟರಲ್ಲಿ ಅವಳು ತೋರಿಸಿದ ಕಡೆ ಒಂದು, ತೋರಿಸದ ಕಡೆ ಇನ್ನೊಂದು ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ಕಾಗದವನ್ನು ಮೇಜಿನ ಆಚೆಗೆ ತಳ್ಳಿ ಆಗಿತ್ತು. ಸೂಪರಿಂಟೆಂಡೆಂಟ್ ಮುದ್ರೆ ಒತ್ತಿದರು. ಮೂಗಿನ ಪ್ರೊಫೆಸರು ಎದ್ದು ನಿಂತು ಭಾವನನ್ನು ಅಭಿನಂದಿಸಿದರು.

ಅಕ್ಕ ಸೆರಗು ಸರಿಮಾಡಿಕೊಂಡು, ಕುರ್ಚಿಯಲ್ಲಿ ಕುಸಿದಿದ್ದ ಗಂಡನ ತೋಳು ಹಿಡಿದಳು.

“ಏಳಿ ಪ್ರೊಫೆಸರ್ರೇ, ಮನೆಗೆ ಹೋಗೋಣ” ಎಂದಳು. “ಇಪ್ಪತ್ತೆರಡು ವರ್ಷದ ಮಾತು ಬಾಕಿ ಇದೆ. ಕೇಳಿಸ್ಕೊಳ್ಳೀರಂತೆ.”